ಲಿವರಿನ ಕೊಬ್ಬಿಗೆ ಕುಸುಬಿ ಎಣ್ಣೆ ಸಾಕೇ?

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಗೆ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಜಮಖಂಡಿ, ಮುಧೋಳ ಕಡೆಯವರಿಗೂ ಈಗ ಹೊಸದಲ್ಲ. ಕಿಡ್ನಿಯಲ್ಲಿ ಹರಳಿದೆಯೇ ಎಂದು ನೋಡಿಸಲು ಹೋದವರಿಗೆ ಕೇಳದೆಯೇ ಸಿಗುವ ಸುದ್ದಿ ಅದು. ಬೆನ್ನಿಗೇ ರಕ್ತ ಪರೀಕ್ಷೆಯಾದರೆ ಅದರಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ, ಎಷ್ಟೋ ಸಲ ಬಿ12 ಕೂಡ. “ವಿಟಮಿನ್ ಕಮ್ಮಿ ಆಗಿದ್ದಕ್ಕ ಲಿವರಿಗೆ ಕೊಬ್ಬು ಬಂತೇನ್ರಿ?” ಎಂದು ಕೇಳುವವರಿದ್ದಾರೆ. ಒಂದೊಂದು ವಿಟಮಿನ್ನಿಗೆ ಒಂದೊಂದು ಉತ್ತರವಿದೆ.

ಲಿವರಿನ ಜೀವಕೋಶಗಳಲ್ಲಿ 5 ಶೇಕಡಾಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದು ಫ್ಯಾಟಿ ಲಿವರ್. ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಸುಮಾರು 38 ಶೇಕಡಾ ಜನರಿಗೆ ಇದಿದೆ. ಇವರಲ್ಲಿ ಹನಿ ಹೆಂಡ ಮುಟ್ಟದವರು ಬಹಳ. ಇನ್ನು ವಿಟಮಿನ್ನುಗಳ ಮಟ್ಟಿಗೆ ಲಿವರ್ ಎಂದರೆ ಜೋಳದ ಹಗೇವು ಇದ್ದಂತೆ: ಎ ಮತ್ತು ಬಿ12 ತಿಂಗಳು, ವರ್ಷಗಟ್ಟಲೆಗೆ ಆಗುವಷ್ಟು ಅಲ್ಲಿ ದಾಸ್ತಾನಿರುತ್ತವೆ. ಹೀಗಾಗಿ ರಕ್ತದಲ್ಲಿ ಕಾಣುವ ಅಂಕಿ ಕಾಯಿಲೆಯ ಕಾರಣವೋ, ಫಲವೋ ಎಂಬುದು ಮೇಲ್ನೋಟಕ್ಕೆ ತಿಳಿಯದು.

ಡಿಯನ್ನೇ ನೋಡಿ. ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟುವ ಈ ವಿಟಮಿನ್ ಮೊದಲು ಲಿವರಿಗೆ ಹೋಗಿ ರೂಪ ಬದಲಿಸುತ್ತದೆ, ಆಮೇಲೆ ಕಿಡ್ನಿಗೆ. ಲ್ಯಾಬಿನವರು ಅಳೆಯುವುದು ಲಿವರ್ ತಯಾರಿಸಿದ ರೂಪವನ್ನು. ಜೊತೆಗೆ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಬೊಜ್ಜಿದ್ದವರಲ್ಲಿ ಅದರ ಪಾಲು ಬೊಜ್ಜಿನೊಳಗೇ ಅಡಗುತ್ತದೆ. ಬಿಸಿಲಿಗೆ ಬರವಿಲ್ಲದ ಬಾಗಲಕೋಟೆ ಜಿಲ್ಲೆಯಲ್ಲೂ, ನೆರಳಿನಲ್ಲೇ ದಿನ ಕಳೆಯುವ ದಪ್ಪ ಹೊಟ್ಟೆಯವರಿಗೆ ಡಿ ಕಡಿಮೆ ಬಂದರೆ ಅಚ್ಚರಿಯಿಲ್ಲ. ಡಿ ಗುಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ರಕ್ತದ ಅಂಕಿಯೇನೋ ಏರಿತು. ಲಿವರಿನ ಕೊಬ್ಬು ಮಾತ್ರ ನಂಬುವ ಹಾಗೆ ಇಳಿಯಲಿಲ್ಲ. ಎಲುಬಿಗಾಗಿ ಡಿ ಬೇಕು, ಅದು ಬೇರೆ ಮಾತು.

ಬಿ12 ಇನ್ನೂ ವಿಚಿತ್ರ. ಮಾಂಸ, ಮೊಟ್ಟೆ ಮುಟ್ಟದ, ಹಾಲು-ಮೊಸರನ್ನೂ ಅಷ್ಟಾಗಿ ತಿನ್ನದ ಮನೆಗಳಲ್ಲಿ ಅದು ಕಡಿಮೆಯಿರುವುದು ಸಾಮಾನ್ಯ. ಆದರೆ ಲಿವರ್ ತೀವ್ರವಾಗಿ ಕೆಟ್ಟಾಗ ಕೋಶಗಳು ಒಡೆದು ಅವುಗಳಲ್ಲಿದ್ದ ಬಿ12 ರಕ್ತಕ್ಕೆ ಸೋರುತ್ತದೆ. ಗುಳಿಗೆ, ಇಂಜೆಕ್ಷನ್ ಏನೂ ತೆಗೆದುಕೊಳ್ಳದವರ ರಿಪೋರ್ಟಿನಲ್ಲಿ ಬಿ12 ವಿಪರೀತ ಹೆಚ್ಚಿದ್ದರೆ ಅನುಭವಿ ವೈದ್ಯರು ಲಿವರಿನ ಕಡೆಗೂ ಒಂದು ಕಣ್ಣು ಹಾಯಿಸುತ್ತಾರೆ.

ಕೊರತೆಯೇ ಕೊಬ್ಬಿಗೆ ಕಾರಣವೆಂದು ಖಚಿತವಾಗಿ ತೋರಿಸಿಕೊಟ್ಟದ್ದು ನಾಯಿಗಳು. ಕೆನಡಾದ ಟೊರಾಂಟೊದಲ್ಲಿ ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳನ್ನು ಇನ್ಸುಲಿನ್ ಕೊಟ್ಟು ಬದುಕಿಸಿದಾಗ ಅವುಗಳ ಲಿವರಿನಲ್ಲಿ ಕೊಬ್ಬು ತುಂಬಿತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ ಇದಕ್ಕೆ ಪರಿಹಾರ ಕೋಲಿನ್ ಎಂದು ಗುರುತಿಸಿದರು. ಇದು ಬಿ ಗುಂಪಿನ ವಿಟಮಿನ್ನುಗಳ ನೆಂಟ. ಲಿವರ್ ತನ್ನ ಕೊಬ್ಬನ್ನು ಹೊರಕ್ಕೆ ಸಾಗಿಸುವ ಕಣಗಳ ಹೊದಿಕೆಗೆ ಕೋಲಿನ್ ಬೇಕು. ಇಲ್ಲದಿದ್ದರೆ ಮಾಲು ಒಳಗೇ ಉಳಿಯುತ್ತದೆ. ಮೊಟ್ಟೆಯ ಹಳದಿಯಲ್ಲಿ ಅದು ಧಾರಾಳ, ಸೋಯಾ ಮತ್ತು ಶೇಂಗಾದಲ್ಲಿ ತಕ್ಕಮಟ್ಟಿಗೆ.

ನಿಜವಾದ ಔಷಧದ ಮಟ್ಟಕ್ಕೆ ಹೋದ ವಿಟಮಿನ್ ಒಂದೇ, ಅದು ಇ. 2010ರಲ್ಲಿ ಪ್ರಕಟವಾದ ಅಮೆರಿಕದ ‘ಪಿವೆನ್ಸ್’ ಪ್ರಯೋಗದಲ್ಲಿ ಲಿವರಿನಲ್ಲಿ ಕೊಬ್ಬಿನ ಜೊತೆ ಉರಿಯೂತವೂ ಇದ್ದ 247 ಜನರಿದ್ದರು. 96 ವಾರ ದಿನಕ್ಕೆ 800 ಯೂನಿಟ್ ಇ ತಿಂದವರಲ್ಲಿ 43 ಶೇಕಡಾ ಜನರಿಗೆ ಗುಣ ಕಂಡಿತು, ಹುಸಿಗುಳಿಗೆ ತಿಂದವರಲ್ಲಿ 19 ಶೇಕಡಾ. ಲಿವರಿನ ಕಲೆಗಟ್ಟುವಿಕೆ ಮಾತ್ರ ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಸಕ್ಕರೆ ಕಾಯಿಲೆಯವರನ್ನು ಈ ಪ್ರಯೋಗಕ್ಕೆ ಸೇರಿಸಿಯೇ ಇರಲಿಲ್ಲ. ನಮ್ಮಲ್ಲಿ ಫ್ಯಾಟಿ ಲಿವರ್ ಹೆಚ್ಚಾಗಿ ಅಂಟಿಕೊಂಡಿರುವುದು ಅವರಿಗೇ.

ಹಾಗಾದರೆ ಊಟದಿಂದಲೇ, ಈ ಕಡೆಯ ಕುಸುಬಿ ಎಣ್ಣೆಯಿಂದಲೇ ಇ ಪಡೆಯಬಹುದಲ್ಲ? ಕೃಷ್ಣಾ ತೀರದ ತುಬಚಿಯ ಹೆಸರು ಇಂದು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಪರಿಚಿತ. ನೀರು ಬರುವ ಮೊದಲು ಈ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಕುಸುಬಿ ಮುಳ್ಳಿನ ಗಿಡ. ದನ ಒಳಗೆ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೂ ಅದರ ಸಾಲು ಹಾಕುತ್ತಿದ್ದರು. 100 ಗ್ರಾಂ ಕುಸುಬಿ ಎಣ್ಣೆಯಲ್ಲಿ ಸುಮಾರು 34 ಮಿಲಿಗ್ರಾಂ ಇ ಇದೆ. ವಯಸ್ಕರ ದಿನದ ಅಗತ್ಯ 15 ಮಿಲಿಗ್ರಾಂ, ಅದಕ್ಕೆ ಅಡುಗೆಯ ಎಣ್ಣೆ, ಶೇಂಗಾ ಹಿಂಡಿ, ಪಲ್ಯ ಸೇರಿದರೆ ಕೊರತೆ ಬೀಳದು. ಪಿವೆನ್ಸ್‌ನ 800 ಯೂನಿಟ್ ಎಂದರೆ 530 ಮಿಲಿಗ್ರಾಂಗೂ ಮೇಲೆ. ಅಷ್ಟು ಬೇಕಾದರೆ ದಿನಕ್ಕೆ ಒಂದೂವರೆ ಕಿಲೋ ಎಣ್ಣೆ ಕುಡಿಯಬೇಕು! ಅಂದಮೇಲೆ ಅದು ಆಹಾರವಲ್ಲ, ಔಷಧ. ಔಷಧಕ್ಕಿರುವ ಅಪಾಯಗಳೂ ಅದಕ್ಕಿವೆ. 35,000ಕ್ಕೂ ಹೆಚ್ಚು ಗಂಡಸರಿದ್ದ ‘ಸೆಲೆಕ್ಟ್’ ಪ್ರಯೋಗದಲ್ಲಿ ದಿನಕ್ಕೆ ಬರೀ 400 ಯೂನಿಟ್ ತಿಂದವರಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚಿದ್ದುದು 2011ರಲ್ಲಿ ಗೊತ್ತಾಯಿತು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆಂದು ಹಸಿರು ಕ್ಯಾಪ್ಸೂಲನ್ನು ವರ್ಷಗಟ್ಟಲೆ ನುಂಗುವುದು ಜಾಣತನವಲ್ಲ.

ಕುಸುಬಿ ಹೋದಲ್ಲಿ ಈಗ ಕಬ್ಬು ನಿಂತಿದೆ. ಕಬ್ಬಿನ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ಮೈ ಬಳಸಿಕೊಳ್ಳುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಭಾರ ಬೀಳುವುದು ಲಿವರಿನ ಮೇಲೆ. ಅತಿಯಾದದ್ದನ್ನು ಅದು ಕೊಬ್ಬಾಗಿಸುತ್ತದೆ. ಮಹಾಲಿಂಗಪುರದ ಪೇಟೆಯ ಬೆಲ್ಲವಾದರೂ ಅಷ್ಟೇ, ಅದರ ಬಹುಪಾಲು ಸಕ್ಕರೆಯೇ. ಸಾವಯವ ಎಂಬ ಚೀಟಿಯನ್ನು ಲಿವರ್ ಓದುವುದಿಲ್ಲ. ತೂಕ 7ರಿಂದ 10 ಶೇಕಡಾ ಇಳಿದರೆ ಉರಿಯೂತವೂ ಇಳಿಯುತ್ತದೆ: 75 ಕಿಲೋ ತೂಗುವವರಿಗೆ ಅದು ಐದರಿಂದ ಏಳೂವರೆ ಕಿಲೋ.

ವಿಟಮಿನ್ ಪ್ಯಾನೆಲ್ಲಿಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಅಗ್ಗದ ಇನ್ನೊಂದು ಲೆಕ್ಕವನ್ನು ವೈದ್ಯರಿಂದ ಕೇಳಿ ಪಡೆಯಬಹುದು. ಹೆಸರು ಫಿಬ್-4. ವಯಸ್ಸು, ರಕ್ತ ಪರೀಕ್ಷೆಯಲ್ಲಿ ಸಿಗುವ ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಮತ್ತು ಪ್ಲೇಟ್‌ಲೆಟ್ ಈ ನಾಲ್ಕೇ ಅಂಕಿಗಳಿಂದ ಅದು ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಹೆಚ್ಚು ಕಲೆಗಟ್ಟಿರುವ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಗಡಿ 2. ತಮ್ಮ ವಯಸ್ಸಿನ ಗಡಿಗಿಂತ ಹೆಚ್ಚು ಬಂದವರನ್ನು ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕಳಿಸುತ್ತಾರೆ.