ತೆರೆಯ ಮಯೂರ, ತಾಳಗುಂದದ ಮಯೂರ

ಮಯೂರ ಎಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವವರು ಡಾ. ರಾಜ್‌ಕುಮಾರ್. ದೇವುಡು ಅವರ ಕಾದಂಬರಿ ಆಧರಿಸಿ 1975ರಲ್ಲಿ ಬಂದ ‘ಮಯೂರ’ ಚಿತ್ರ, ಅವನು ಕಟ್ಟಿದ ಕದಂಬ ರಾಜವಂಶದ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಸಣ್ಣ ಉಪಕಾರವಲ್ಲ ಅದು. ಆದರೆ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದಿರುವ ಶಾಸನಸ್ತಂಭ ಹೇಳುವ ಕಥೆಯೇ ಬೇರೆ.

ತಪ್ಪು ಕಲ್ಪನೆ: ಮಯೂರ ಹುಟ್ಟು ರಾಜಕುಮಾರ, ಬೆಳೆದದ್ದಷ್ಟೇ ಬ್ರಾಹ್ಮಣರ ಮನೆಯಲ್ಲಿ.

ವಾಸ್ತವ: ಚಿತ್ರದ ಮುಖ್ಯ ತಿರುವೇ ಇದು. ಶಾಸನದಲ್ಲಿ ಅವನು ಮಾನವ್ಯ ಗೋತ್ರದ ಬ್ರಾಹ್ಮಣ, ಮಯೂರಶರ್ಮ. ಗುರು ವೀರಶರ್ಮನ ಜೊತೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋಗುತ್ತಾನೆ. ಅಲ್ಲಿ ಕಂಚಿಯನ್ನು ಆಳುತ್ತಿದ್ದ ಪಲ್ಲವರ ಕುದುರೆ ದಳದವರೊಡನೆ ಜಗಳವಾಗುತ್ತದೆ. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿಡಿಯುತ್ತದೆ. ಕಳೆದುಹೋದ ಸಿಂಹಾಸನವನ್ನು ವಾರಸುದಾರ ಮರಳಿ ಪಡೆದದ್ದಕ್ಕಿಂತ, ಓದಲು ಹೋದವನು ಅವಮಾನ ನುಂಗಲಾರದೆ ರಾಜ್ಯ ಕಟ್ಟಿದ್ದೇ ನನಗೆ ದೊಡ್ಡ ಕಥೆ. ನಮ್ಮ ತೆರೆಗೆ ಮಾತ್ರ ನಾಯಕನ ರಕ್ತದಲ್ಲೇ ರಾಜತನ ಇರಬೇಕು!

ತಪ್ಪು ಕಲ್ಪನೆ: ಪಲ್ಲವರನ್ನು ಮಣ್ಣುಮುಕ್ಕಿಸಿ ಪಟ್ಟವೇರಿದ.

ವಾಸ್ತವ: ಗಡಿ ಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ, ಬೃಹದ್ಬಾಣ ಅರಸರಿಂದ ಕಪ್ಪ ವಸೂಲಿ ಮಾಡಿದ, ಅಡಗಿಸಲು ಬಂದ ಸೈನ್ಯದ ಮೇಲೆ ರಾತ್ರಿ ಹೊತ್ತು ಎರಗಿದ. ಇವನನ್ನು ಮಣಿಸುವುದು ಕಷ್ಟವೆಂದು ಕಂಡ ಪಲ್ಲವರು ಸಂಧಿಗೆ ಬಂದರು. ಇವನೂ ಅವರ ಸೇವೆಗೆ ನಿಂತು, ಯುದ್ಧಗಳಲ್ಲಿ ಪರಾಕ್ರಮ ಮೆರೆದು, ಅವರ ಕೈಯಿಂದಲೇ ಪಟ್ಟವನ್ನೂ ಪಡುವಣ ಕಡಲಿನಿಂದ ಪ್ರೇಹಾರದವರೆಗಿನ ನೆಲವನ್ನೂ ಪಡೆದ. ಶತ್ರುವಿನ ಚಾಕರಿ ಮಾಡಿ ಅರಸನಾಗುವುದು ಕ್ಲೈಮ್ಯಾಕ್ಸ್‌ಗೆ ಒಗ್ಗುವ ಸಂಗತಿಯಲ್ಲ, ನಿಜ.

ತಪ್ಪು ಕಲ್ಪನೆ: ಮಯೂರನ ಶಾಸನಗಳು ಕನ್ನಡದಲ್ಲಿವೆ.

ವಾಸ್ತವ: ಅವನದೆನ್ನಲಾದ ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಶಾಸನ ಪ್ರಾಕೃತದ್ದು. ತಾಳಗುಂದದ ಕಂಬ ಸಂಸ್ಕೃತ.

ತಪ್ಪು ಕಲ್ಪನೆ: ಬಣ್ಣ ಹಚ್ಚುವುದು ಸಿನಿಮಾ ಮಾತ್ರ, ಕಲ್ಲಿನ ಮೇಲಿರುವುದೆಲ್ಲ ನಿಜ.

ವಾಸ್ತವ: ಕಂಬದ ಪದ್ಯಗಳನ್ನು ಬರೆದ ಕವಿ ಕುಬ್ಜ, ಕದಂಬ ದೊರೆ ಶಾಂತಿವರ್ಮನ ಕಾಲದವನು, ಮಯೂರನಿಂದ ಸುಮಾರು ನೂರು ವರ್ಷ ಈಚಿನವನು. ದೊರೆಯ ವಂಶವನ್ನು ಹೊಗಳುವುದೇ ಅವನ ಕೆಲಸ. ಮಯೂರನಿಗೆ ಷಣ್ಮುಖನೇ ಅಭಿಷೇಕ ಮಾಡಿದನೆಂದೂ ಅವನು ಬರೆಯುತ್ತಾನೆ. ಆಮೇಲಿನ ಶಾಸನಗಳು ಮಯೂರನ ಲೆಕ್ಕಕ್ಕೆ 18 ಅಶ್ವಮೇಧಗಳನ್ನು ಸೇರಿಸಿದವು. ಇನ್ನೂ ಈಚಿನ ಕದಂಬ ಶಾಖೆಗಳವರು ತಮ್ಮ ಕುಲಪುರುಷನಿಗೆ ಮೂರು ಕಣ್ಣು, ನಾಲ್ಕು ತೋಳುಗಳನ್ನೇ ಕೊಟ್ಟರು. ಅವರ ಮುಂದೆ ಚಿತ್ರದವರು ಸಂಯಮಿಗಳೇ.