ಗಾಯದ ಉಸಿರನ್ನು ಕಾಣುವ ಕ್ಯಾಮೆರಾ

ಕತ್ತಲೆ ಕೋಣೆಯಲ್ಲಿ ಉರಿಯುವ ಟಾರ್ಚಿನ ಬಾಯನ್ನು ಬೆರಳುಗಳಿಂದ ಮುಚ್ಚಿದಾಗ ಬೆರಳೆಲ್ಲ ಕೆಂಪಾಗಿ ಬೆಳಗುವುದನ್ನು ಕಂಡು ಬೆರಗಾಗದ ಮಗುವಿಲ್ಲ. ಬಿಳಿ ಬೆಳಕಿನಲ್ಲಿರುವ ನೀಲಿ, ಹಸಿರು ಬಣ್ಣಗಳನ್ನು ರಕ್ತವು ಬಹುಪಾಲು ಹೀರಿಕೊಳ್ಳುತ್ತದೆ. ಕೆಂಪು ಮಾತ್ರ ಮಾಂಸವನ್ನು ಹಾದು ಹೊರಬರುತ್ತದೆ. ಸಕ್ಕರೆ ಕಾಯಿಲೆಯವರ ಕಾಲನ್ನು ಉಳಿಸಲು ವೈದ್ಯರು ಬಳಸತೊಡಗಿರುವ ಹೊಸ ಬಗೆಯ ಕ್ಯಾಮೆರಾದ ಮೂಲತತ್ತ್ವವೂ ಈ ಮಕ್ಕಳಾಟದಲ್ಲೇ ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಈ ರೋಗ ಹಳತಾದಂತೆ ಪಾದದ ನರಗಳು ಮರಗಟ್ಟುತ್ತವೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ನೋವೇ ತಿಳಿಯದು. ಕಾಲಿನ ಅಪಧಮನಿಗಳೂ ಕಿರಿದಾಗುತ್ತವೆ. ಗಾಯ ಮಾಯಬೇಕಾದರೆ ಆಮ್ಲಜನಕ ಬೇಕು: ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೂ, ಹೊಸ ಚರ್ಮಕ್ಕೆ ಹಂದರವಾಗುವ ಕೊಲಾಜೆನ್ ಎಂಬ ನಾರು ಗಟ್ಟಿಗೊಳ್ಳುವುದಕ್ಕೂ ಅದೇ ಆಧಾರ. ಅದು ತಲುಪದ ಅಂಗಾಂಶದ ಮೇಲೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ.

ಆದರೆ ಆಮ್ಲಜನಕದ ಕೊರತೆ ಕಣ್ಣಿಗೆ ಕಾಣುವಷ್ಟರಲ್ಲಿ ಬಹಳ ತಡವಾಗಿರುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಪರಿಚಯವಾದ ಪಲ್ಸ್ ಆಕ್ಸಿಮೀಟರ್ ಇಲ್ಲಿ ಸಾಲದು. ಜಪಾನಿನ ಎಂಜಿನಿಯರ್ ತಕುಒ ಅಒಯಾಗಿ 1974ರಲ್ಲಿ ಮುಂದಿಟ್ಟ ಆ ಉಪಾಯವು ನಾಡಿಯೊಡನೆ ಮಿಡಿಯುವ ರಕ್ತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೈಬೆರಳಲ್ಲಿ 98 ಎಂದು ತೋರುತ್ತಿರುವಾಗಲೇ ಕಾಲ್ಬೆರಳು ಉಸಿರುಗಟ್ಟಿ ಸಾಯುತ್ತಿರಬಹುದು. ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಸುಮಾರು 44 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ ಅಳೆಯುವ ಹಳೆಯ ವಿಧಾನವೊಂದಿದೆ. ಅದು ನಂಬಿಕೆಗೆ ಅರ್ಹವೇ. ಆದರೆ ಒಂದೊಂದು ಜಾಗಕ್ಕೂ ಬಹಳ ಹೊತ್ತು ಕಾಯಬೇಕು, ತೆರೆದ ಗಾಯದ ಮೇಲೆ ಇಡಲಾಗದು.

ಕ್ಯಾಮೆರಾದ ದಾರಿ ಬೇರೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಬೆಳಕನ್ನು ಒಂದೇ ರೀತಿ ಹೀರುವುದಿಲ್ಲ. ಸುಮಾರು 660 ನ್ಯಾನೋಮೀಟರ್ ತರಂಗದೂರದ ಕೆಂಪು ಬೆಳಕನ್ನು ಎರಡನೆಯದು ಹೆಚ್ಚು ನುಂಗುತ್ತದೆ. 940ರ ಸುಮಾರಿನ ಅವಗೆಂಪು ಕಿರಣವನ್ನು ಮೊದಲನೆಯದು. ಇಂಥ ಹಲವು ತರಂಗದೂರಗಳ ಬೆಳಕನ್ನು ಪಾದದ ಮೇಲೆ ಚೆಲ್ಲಿ, ಮರಳಿ ಬಂದುದನ್ನು ಅಳೆದು, ಉಪಕರಣವು ಎಲ್ಲೆಲ್ಲಿ ಎಷ್ಟು ಆಮ್ಲಜನಕವಿದೆಯೆಂಬುದನ್ನು ಬಣ್ಣಗಳ ನಕ್ಷೆಯಾಗಿ ತೋರಿಸುತ್ತದೆ. ಸೂಜಿಯಿಲ್ಲ, ರಕ್ತಕ್ಕೆ ಸೇರಿಸುವ ಬಣ್ಣದ ಮದ್ದಿಲ್ಲ, ಕ್ಷ-ಕಿರಣವಿಲ್ಲ; ಗಾಯವನ್ನು ಮುಟ್ಟುವುದೂ ಇಲ್ಲ. ಮುಚ್ಚಿದ ರಕ್ತನಾಳವನ್ನು ತೆರೆದ ಮೇಲೆ ರಕ್ತ ನಿಜವಾಗಿಯೂ ಬೆರಳ ತುದಿಗೆ ಮುಟ್ಟಿತೇ, ಕತ್ತರಿಸಲೇಬೇಕಾದರೆ ಒಂದು ಬೆರಳೋ ಅರ್ಧ ಪಾದವೋ ಎಂಬ ತೀರ್ಮಾನಗಳಿಗೆ ಈ ನಕ್ಷೆ ನೆರವಾಗಬಲ್ಲದು. ದುಡಿದು ತಿನ್ನುವವನ ಪಾಲಿಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಹಾಗೆಂದು ಅದು ಸರ್ವಜ್ಞನಲ್ಲ. ಕೆಲವೇ ಮಿಲಿಮೀಟರ್ ಆಳದವರೆಗೆ ಮಾತ್ರ ಅದರ ದೃಷ್ಟಿ. ದಪ್ಪಗಟ್ಟಿದ ಆಣಿ ಅದನ್ನು ತಡೆಯುತ್ತದೆ. ಕೀವಾಗಿ ಕೆಂಪೇರಿದ ಜಾಗ ಸಮೃದ್ಧವೆಂಬಂತೆ ಕಂಡು ಮೋಸಗೊಳಿಸಬಹುದು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಬೆರಳಿನ ಆಕ್ಸಿಮೀಟರ್ ಕುರಿತು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಆಮ್ಲಜನಕ ಅಪಾಯಕರವಾಗಿ ಇಳಿದಿದ್ದರೂ ಉಪಕರಣ ತಿಳಿಸದೆ ಹೋದದ್ದು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡುಬಂದಿತು. ಬೆಳಕನ್ನೇ ನಂಬಿದ ಕ್ಯಾಮೆರಾವೂ ಈ ತೊಡಕಿನಿಂದ ಮುಕ್ತವಲ್ಲ. ತಿಳಿಬಣ್ಣದ ಚರ್ಮದ ಮೇಲಷ್ಟೇ ಹದಗೊಳಿಸಿದ ಯಂತ್ರವನ್ನು ನಮ್ಮ ಜನರ ಪಾದಕ್ಕೆ ಹಿಡಿಯುವ ಮುನ್ನ ಪ್ರಶ್ನೆ ಕೇಳುವುದು ನ್ಯಾಯವೇ. ಒಂದೇ ಚಿತ್ರವನ್ನು ನೆಚ್ಚದೆ, ಅದೇ ವ್ಯಕ್ತಿಯ ಇನ್ನೊಂದು ಪಾದದೊಡನೆ, ಹಿಂದಿನ ಭೇಟಿಯ ಚಿತ್ರದೊಡನೆ ಹೋಲಿಸುವುದು ಹೆಚ್ಚು ಸುರಕ್ಷಿತ.

ಈ ಕ್ಯಾಮೆರಾ ಊರೂರಿನ ಆಸ್ಪತ್ರೆಗಳಲ್ಲಿ ಇನ್ನೂ ಸಿಗದು. ಪಾದದ ಮೇಲ್ಭಾಗದ ನಾಡಿಯನ್ನು ವೈದ್ಯರು ಮುಟ್ಟಿ ನೋಡುವುದಕ್ಕೆ ಮಾತ್ರ ಯಾವ ಯಂತ್ರವೂ ಬೇಡ. ಸಕ್ಕರೆ ಕಾಯಿಲೆಯವರು ಅದನ್ನು ಕೇಳಿ ಮಾಡಿಸಿಕೊಳ್ಳಬಹುದು. ಬಗ್ಗಲಾರದ ಅಜ್ಜ ಅಜ್ಜಿಯರ ಅಂಗಾಲನ್ನು, ಬೆರಳ ಸಂದುಗಳನ್ನು ರಾತ್ರಿ ಮಲಗುವ ಮುನ್ನ ನೋಡುವ ಕೆಲಸ ಮೊಮ್ಮಕ್ಕಳಿಗೆ ಒಪ್ಪುತ್ತದೆ. ಗಡಿಯಾಚೆಯ ನಮ್ಮ ಮನೆಗಳಲ್ಲಿ ವೈದ್ಯರು ಬೇರೆ ಭಾಷೆಯಲ್ಲಿ ಹೇಳಿದ್ದನ್ನು ಹಿರಿಯರಿಗೆ ಕನ್ನಡದಲ್ಲಿ ತಿಳಿಸುವವರೂ ಅನೇಕ ವೇಳೆ ಅವರೇ. ಆಣಿಯನ್ನು ಬ್ಲೇಡಿನಿಂದ ಕೆತ್ತಕೂಡದು, ಮರಗಟ್ಟಿದ ಕಾಲನ್ನು ಬಿಸಿನೀರಿನಲ್ಲಿ ಅದ್ದಕೂಡದು. ಗುಳ್ಳೆ, ಗಾಯ, ಕಪ್ಪು ಕಲೆ ಏನೇ ಕಂಡರೂ, ನೋವಿಲ್ಲವೆಂದು ಸುಮ್ಮನಿರದೆ, ಮರುದಿನವೇ ವೈದ್ಯರಿಗೆ ತೋರಿಸಬೇಕು.