ಸಾಕ್ಷಿಯಾಗಲಾರದವನು ನ್ಯಾಯಾಧೀಶನಾದ ಬಗೆ

1850ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಒಕ್ಕೂಟವನ್ನು ಸೇರಿದ ಕ್ಯಾಲಿಫೋರ್ನಿಯಾ, ತನ್ನ ನೆಲದಲ್ಲಿ ಗುಲಾಮಗಿರಿಗೆ ಎಡೆಯಿಲ್ಲವೆಂದು ಸಂವಿಧಾನದಲ್ಲಿಯೇ ಸಾರಿಕೊಂಡಿದ್ದಿತು. ಆದರೆ ಅದೇ ವರ್ಷ ಅದರ ಶಾಸನಸಭೆಯು, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಬಿಳಿಯನ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಕೃಷ್ಣವರ್ಣೀಯರೂ ಮೂಲನಿವಾಸಿಗಳೂ ಸಾಕ್ಷ್ಯ ನುಡಿಯಕೂಡದೆಂದು ವಿಧಿಸಿತು. 1854ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಚೀನೀಯರನ್ನೂ ಅದೇ ನಿಷೇಧದೊಳಕ್ಕೆ ಎಳೆದುಕೊಂಡಿತು. ದಾಸ್ಯವಿಲ್ಲದ ನಾಡಿನಲ್ಲಿ ದಾಸನಲ್ಲದ ಮನುಷ್ಯನ ಮಾತಿಗೆ ನ್ಯಾಯಸ್ಥಾನದಲ್ಲಿ ಬೆಲೆಯಿಲ್ಲವೆಂದರೆ ಅವನ ಸ್ವಾತಂತ್ರ್ಯದ ಅರ್ಥವೇನು ಎಂಬುದನ್ನು, ಸಾನ್‌ಫ್ರಾನ್ಸಿಸ್ಕೋ ನಗರದ ಒಂದು ಪಾದರಕ್ಷೆಯ ಅಂಗಡಿಯಲ್ಲಿ ನಡೆದ ಘಟನೆಯೊಂದು ತೋರಿಸಿಕೊಟ್ಟಿತು.

ಆ ಅಂಗಡಿಯ ಒಡೆಯರು ಪೀಟರ್ ಲೆಸ್ಟರ್ ಮತ್ತು ಮಿಫ್ಲಿನ್ ವಿಸ್ಟರ್ ಗಿಬ್ಸ್ ಎಂಬ ಇಬ್ಬರು ಕೃಷ್ಣವರ್ಣೀಯರು. ಬಿಳಿಯ ಗಿರಾಕಿಯೊಬ್ಬನು ಒಂದು ಜೊತೆ ಬೂಟುಗಳನ್ನು ಮೆಚ್ಚಿ, ತೆಗೆದಿರಿಸಿರೆಂದು ಹೇಳಿ ಹೋದನು. ಅವನ ಜೊತೆಗಾರನು ಬಂದು ಅದೇ ಜೊತೆ ತನಗೆ ಬೇಕೆಂದು ಹಟ ಹಿಡಿದು ಒಯ್ದನು. ಮೊದಲಿನವನು ಮರಳಿ ಬಂದು, ಮಾತಿಗೆ ತಪ್ಪಿದೆಯೆಂಬ ನೆಪವೊಡ್ಡಿ, ಲೆಸ್ಟರನನ್ನು ಅವನದೇ ಅಂಗಡಿಯೊಳಗೆ ಬೆತ್ತದಿಂದ ಥಳಿಸಿದನು. ಪಕ್ಕದಲ್ಲಿಯೇ ಇದ್ದ ಗಿಬ್ಸನು ಎಲ್ಲವನ್ನೂ ಕಂಡನು. ಕೈಯೆತ್ತಿದ್ದರೆ ಇಬ್ಬರ ಪ್ರಾಣಕ್ಕೂ ಸಂಚಕಾರ. ಫಿರ್ಯಾದು ಕೊಡುವೆವೆಂದರೆ ಪೆಟ್ಟು ತಿಂದವನಾಗಲಿ ಕಣ್ಣಾರೆ ಕಂಡವನಾಗಲಿ ಕಾನೂನಿನ ದೃಷ್ಟಿಯಲ್ಲಿ ಸಾಕ್ಷಿಯೇ ಅಲ್ಲ. ಗಿಬ್ಸನ ಮುಂದಿನ ಬದುಕನ್ನು ಓದುವಾಗಲೆಲ್ಲ ಈ ಪ್ರಸಂಗವೇ ನನ್ನ ಮನಸ್ಸಿಗೆ ಬರುತ್ತದೆ.

ಆತನು 1823ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿದನು. ಧರ್ಮೋಪದೇಶಕನಾಗಿದ್ದ ತಂದೆ ಬಾಲ್ಯದಲ್ಲಿಯೇ ತೀರಿಕೊಂಡುದರಿಂದ ದುಡಿಮೆ ಬೇಗ ಹೆಗಲೇರಿತು. ಬಡಗಿಯ ಕೆಲಸವನ್ನು ಕಲಿತನು. 1849ರಲ್ಲಿ ಕೃಷ್ಣವರ್ಣೀಯರ ಹೆಸರಾಂತ ವಾಗ್ಮಿ ಫ್ರೆಡರಿಕ್ ಡಗ್ಲಸನ ಜೊತೆಗೂಡಿ ನ್ಯೂಯಾರ್ಕ್ ಪ್ರಾಂತದ ಪಶ್ಚಿಮ ಭಾಗದಲ್ಲಿ ದಾಸ್ಯವಿರೋಧಿ ಭಾಷಣಗಳನ್ನು ಮಾಡುತ್ತ ಸಂಚರಿಸಿದನು. ಮರುವರ್ಷ ಚಿನ್ನದ ನಾಡಿನ ಹಂಬಲದಿಂದ ಪನಾಮಾ ದಾರಿಯಾಗಿ ಸಾನ್‌ಫ್ರಾನ್ಸಿಸ್ಕೋ ತಲಪಿದರೆ, ಅವನೊಡನೆ ಕೆಲಸ ಮಾಡಲು ಬಿಳಿಯ ಬಡಗಿಗಳು ಒಪ್ಪಲಿಲ್ಲ. ಉಳಿಯನ್ನು ಕೆಳಗಿಟ್ಟು ಹೋಟೆಲೊಂದರ ಮುಂದೆ ಬೂಟುಗಳಿಗೆ ಬಣ್ಣ ಹಚ್ಚಿ ಹಣ ಕೂಡಿಸಿದವನು, ಕೆಲವೇ ಕಾಲದಲ್ಲಿ ಲೆಸ್ಟರನೊಡನೆ ಬೂಟುಗಳ ವ್ಯಾಪಾರಕ್ಕೆ ಕೈಹಾಕಿದನು.

ಹಣ ಬಂದಿತೆಂದು ಆತನು ಸುಮ್ಮನಾಗಲಿಲ್ಲ. ಸಾಕ್ಷ್ಯನಿಷೇಧದ ವಿರುದ್ಧ ಸಭೆಗಳು ಕೂಡಿದವು, ಮನವಿಗಳು ಹೋದವು, ‘ಮಿರರ್ ಆಫ್ ದಿ ಟೈಮ್ಸ್’ ಎಂಬ ಪತ್ರಿಕೆ ಹುಟ್ಟಿತು. ಇವೆಲ್ಲದರಲ್ಲಿಯೂ ಗಿಬ್ಸನ ಕೈಯಿದ್ದಿತು. ಮತ ನೀಡುವ ಹಕ್ಕನ್ನು ಕೊಡದ ಸರಕಾರ ತಲೆಗಂದಾಯವನ್ನು ಮಾತ್ರ ಕೇಳಿದಾಗ ಪಾಲುದಾರರಿಬ್ಬರೂ ಕಟ್ಟೆವೆಂದರು. ಅಧಿಕಾರಿಗಳು ಅಂಗಡಿಯ ಸರಕನ್ನು ಜಪ್ತಿಮಾಡಿ ಹರಾಜಿಗಿಟ್ಟರು. ಆದರೆ ಸಂಗತಿಯನ್ನು ತಿಳಿದ ನೆರೆದ ಜನರಲ್ಲಿ ಒಬ್ಬನೂ ಸವಾಲು ಕೂಗಲಿಲ್ಲವಾಗಿ, ಸರಕು ಅಂಗಡಿಗೇ ಹಿಂದಿರುಗಿತು. ಕಾನೂನು ಅನ್ಯಾಯದ ಪಕ್ಷದಲ್ಲಿದ್ದ ಊರಿನಲ್ಲಿ ಬೀದಿಯ ಜನ ಹೀಗೆ ಮೌನದಿಂದಲೇ ನ್ಯಾಯವನ್ನು ನಡೆಸಿದ ಈ ಸಂಗತಿಯನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ.

1858ರಲ್ಲಿ ಇಂದಿನ ಕೆನಡಾದ ಫ್ರೇಸರ್ ನದಿಯ ಬಳಿ ಚಿನ್ನ ದೊರೆತ ವಾರ್ತೆ ಹಬ್ಬಿದಾಗ, ಬ್ರಿಟಿಷರ ವಸಾಹತಿನಲ್ಲಿ ಬಣ್ಣದ ಕಟ್ಟಳೆಗಳಿಲ್ಲವೆಂದು ನಂಬಿ ನೂರಾರು ಕೃಷ್ಣವರ್ಣೀಯರು ವಿಕ್ಟೋರಿಯಾ ನಗರಕ್ಕೆ ವಲಸೆ ಹೋದರು. ಗಿಬ್ಸನು ಹಿಟ್ಟು, ಕಂಬಳಿ, ಗುದ್ದಲಿ, ಸಲಿಕೆಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿ, ಗಣಿಗಾರರಿಗೆ ಮಾರಿ ಧನಿಕನಾದನು. 1866ರಲ್ಲಿ ಅಲ್ಲಿನ ನಗರಸಭೆಗೆ ಚುನಾಯಿತನಾದನು. ಕ್ವೀನ್ ಷಾರ್ಲಟ್ ದ್ವೀಪಗಳಲ್ಲಿ ಕಲ್ಲಿದ್ದಲ ಗಣಿಗಾಗಿ ರೈಲುಹಾದಿಯನ್ನೂ ಹಾಕಿಸಿದನು. ಆದರೆ ಇಷ್ಟೆಲ್ಲದರ ನಡುವೆ ಆಂಗ್ಲ ನ್ಯಾಯವಾದಿಯೊಬ್ಬನ ಬಳಿ ಧರ್ಮಶಾಸ್ತ್ರವನ್ನು ಓದುವಂತೆ ಕಾನೂನನ್ನು ಓದತೊಡಗಿದನೆಂಬುದೇ ಮುಂದಿನ ಕಥೆಗೆ ಮುಖ್ಯವಾದುದು.

ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು, ದಕ್ಷಿಣದ ರಾಜ್ಯಗಳಲ್ಲಿ ವಿಮುಕ್ತರಾದ ದಾಸರಿಗೆ ಮತಾಧಿಕಾರ ದೊರೆತು, ಪುನರ್ರಚನೆಯ ಯುಗ ನಡೆಯುತ್ತಿದ್ದ ಕಾಲವದು. ಸ್ವದೇಶಕ್ಕೆ ಮರಳಿ, ಓಬರ್ಲಿನ್‌ನಲ್ಲಿ ವ್ಯಾಸಂಗವನ್ನು ಮುಂದುವರಿಸಿದ ಗಿಬ್ಸನು 1871ರಲ್ಲಿ ಅರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ನಗರಕ್ಕೆ ಬಂದು ನೆಲಸಿದನು. 1872ರಲ್ಲಿ ವಕೀಲಿಯ ಸನ್ನದು ದೊರೆಯಿತು. 1873ರಲ್ಲಿ ಪುಲಾಸ್ಕಿ ಕೌಂಟಿಯ ಸರಕಾರಿ ವಕೀಲನಾಗಿ ನೇಮಕಗೊಂಡು, ಅದೇ ವರ್ಷ ಜನರ ಮತಗಳಿಂದ ನಗರದ ನ್ಯಾಯಾಧೀಶನಾಗಿ ಆರಿಸಲ್ಪಟ್ಟನು. ಅಮೆರಿಕದಲ್ಲಿ ನಗರ ನ್ಯಾಯಾಧೀಶ ಪದವಿಗೆ ಚುನಾಯಿತನಾದ ಪ್ರಥಮ ಕೃಷ್ಣವರ್ಣೀಯನು ಈತನೇ. ಬೆತ್ತದ ಪೆಟ್ಟನ್ನು ಕಂಡೂ ನುಡಿಯಲಾಗದೆ ನಿಂತವನ ಸಮ್ಮುಖದಲ್ಲಿ ಈಗ ಬಿಳಿಯರೂ ಕೃಷ್ಣವರ್ಣೀಯರೂ ಸಮಾನವಾಗಿ ಪ್ರಮಾಣಮಾಡಿ ಸಾಕ್ಷ್ಯ ನುಡಿದರು.

ಆ ಯುಗ ಬಹುಕಾಲ ನಿಲ್ಲಲಿಲ್ಲ. 1874ರಲ್ಲಿ ರಾಜ್ಯದ ಅಧಿಕಾರ ರಿಪಬ್ಲಿಕನ್ ಪಕ್ಷದ ಕೈತಪ್ಪಿತು. 1877ರಲ್ಲಿ ದಕ್ಷಿಣದಲ್ಲಿ ಪುನರ್ರಚನೆಯೇ ಕೊನೆಗೊಂಡಿತು. 1891ರಲ್ಲಿ ಅರ್ಕನ್ಸಾದಲ್ಲಿ ರೈಲುಡಬ್ಬಿಗಳನ್ನು ಬಣ್ಣದ ಮೇಲೆ ವಿಂಗಡಿಸಿದ ಶಾಸನವೂ, ಮತದಾನದ ಹಾದಿಯನ್ನು ದುರ್ಗಮಗೊಳಿಸಿದ ಶಾಸನವೂ ಬಂದವು. ಜನರು ಆರಿಸಬಹುದಾದ ಪದವಿಗಳ ಬಾಗಿಲು ಮುಚ್ಚುತ್ತ ಬಂದಂತೆ, ರಿಪಬ್ಲಿಕನ್ ಪಕ್ಷದ ಕೃಷ್ಣವರ್ಣೀಯ ಮುಖಂಡರಿಗೆ ಉಳಿದದ್ದು ಅಧ್ಯಕ್ಷರು ನೇಮಿಸುವ ಹುದ್ದೆಗಳು ಮಾತ್ರ. ಗಿಬ್ಸನಿಗೆ ಅಧ್ಯಕ್ಷ ಹೇಯ್ಸ್ 1877ರಲ್ಲಿ ಲಿಟ್ಲ್ ರಾಕಿನ ಸರಕಾರಿ ಭೂಮಿ ಕಛೇರಿಯ ಅಧಿಕಾರವನ್ನು ಕೊಟ್ಟರು. ಅಧ್ಯಕ್ಷ ಮೆಕಿನ್ಲಿ 1897ರಲ್ಲಿ, ಎಪ್ಪತ್ತು ದಾಟಿದ್ದ ಅವನನ್ನು ಮಡಗಾಸ್ಕರಿನ ಟಾಮಟಾವ್ ಬಂದರಿಗೆ ಕಾನ್ಸಲ್ ಆಗಿ ಕಳುಹಿಸಿದರು. ಫ್ರೆಂಚರು ಆ ದ್ವೀಪವನ್ನು ವಶಪಡಿಸಿಕೊಂಡು, ಅದರ ರಾಣಿಯನ್ನು ಗಡೀಪಾರುಮಾಡಿದ್ದ ದಿನಗಳವು. ಸ್ವಜನರ ಹಕ್ಕುಗಳು ಒಂದೊಂದಾಗಿ ಕಳಚುತ್ತಿದ್ದಾಗ ಅದೇ ರಾಷ್ಟ್ರದ ಪ್ರತಿನಿಧಿಯಾಗಿ ಹೊರನಾಡಿನಲ್ಲಿ ನಿಲ್ಲುವುದು ಆತ್ಮಗೌರವವುಳ್ಳವನಿಗೆ ಸುಲಭವಾಗಿದ್ದಿರಲಾರದು.

1901ರಲ್ಲಿ ಆತನು ಆ ಹುದ್ದೆಯನ್ನು ಬಿಟ್ಟು ಮರಳಿದನು. ಮರುವರ್ಷ ಕೃಷ್ಣವರ್ಣೀಯರ ಮುಖಂಡ ಬುಕರ್ ಟಿ. ವಾಷಿಂಗ್ಟನನ ಪೀಠಿಕೆಯೊಡನೆ ಅವನ ಆತ್ಮಕಥೆ ಪ್ರಕಟವಾಯಿತು. ಮುಪ್ಪಿನಲ್ಲಿ ಅಧ್ಯಕ್ಷನಾಗಿ ನಡೆಸಿದ ಬ್ಯಾಂಕು 1908ರಲ್ಲಿ ಮುಳುಗಿದ್ದು ಅವನ ಕೊನೆಯ ದೊಡ್ಡ ಕಷ್ಟ. 1915ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಲಿಟ್ಲ್ ರಾಕಿನಲ್ಲಿ ತೀರಿಕೊಂಡನು. ಮಗಳು ಹ್ಯಾರಿಯೆಟ್ 1903ರಲ್ಲಿಯೇ ವಾಷಿಂಗ್ಟನ್ ನಗರದಲ್ಲಿ ಕೃಷ್ಣವರ್ಣೀಯರಿಗಾಗಿ ಸಂಗೀತ ವಿದ್ಯಾಲಯವೊಂದನ್ನು ಸ್ಥಾಪಿಸಿದ್ದಳು. ಇನ್ನೊಬ್ಬ ಮಗಳು ಐಡಾ, ಟಾಮಟಾವಿನಲ್ಲಿ ತಂದೆಯ ಸ್ಥಾನಕ್ಕೆ ಬಂದ ವಿಲಿಯಂ ಹಂಟನನ್ನು ವರಿಸಿ, ಮುಂದೆ ಅಖಿಲ ಆಫ್ರಿಕನ್ ಸಮ್ಮೇಳನಗಳ ಕಾರ್ಯದಲ್ಲಿ ಕೃಷ್ಣವರ್ಣೀಯ ಚಿಂತಕ ಡು ಬೋಯಿಸನೊಡನೆ ದುಡಿದಳು.